ಮೊದಲ ರೇಂಜ್‌ಫೈಂಡರ್: ಪ್ಯಾಚ್ ಮೊದಲು, ಮೀಟರ್ ಆಮೇಲೆ

ಹಳೆಯ ರೇಂಜ್‌ಫೈಂಡರ್, ಅಂದರೆ ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಮಾಡುವ ಫಿಲ್ಮ್ ಕ್ಯಾಮೆರಾ, ಮಾರುವವರು ಮೊದಲು ತೋರಿಸುವುದು ಬೆಳಕು ಅಳೆಯುವ ಮೀಟರಿನ ಮುಳ್ಳನ್ನು. ಬೆಳಕಿಗೆ ಹಿಡಿದರೆ ಮುಳ್ಳು ಓಡುತ್ತದೆ, ಹಾಗಾಗಿ ಕ್ಯಾಮೆರಾ ಚೆನ್ನಾಗಿದೆ ಅನ್ನುವುದು ಅವರ ಲೆಕ್ಕ. ನಾನು ಮುಳ್ಳನ್ನು ಎಲ್ಲಕ್ಕಿಂತ ಕೊನೆಗೆ ನೋಡುತ್ತೇನೆ. ಮೀಟರ್ ಸತ್ತಿದ್ದರೆ ಕಣ್ಣಂದಾಜಿನಲ್ಲೋ ಫೋನಿನ ಆ್ಯಪ್‌ನಲ್ಲೋ ಬೆಳಕು ಅಳೆದುಕೊಂಡು ಕೆಲಸ ಸಾಗಿಸಬಹುದು. ಕಣ್ಣಿಟ್ಟು ನೋಡುವ ಕಿಟಕಿಯ, ಅಂದರೆ ಫೈಂಡರಿನ, ನಡುವೆ ಕಾಣುವ ಹಳದಿ ಚೌಕ, ಅಂದರೆ ಪ್ಯಾಚ್, ಕೆಟ್ಟಿದ್ದರೆ ಮಾತ್ರ ಮಿಕ್ಕಿದ್ದೆಲ್ಲ ಸರಿಯಿದ್ದೂ ಫೋಕಸ್ ಸಿಗುವುದಿಲ್ಲ.

ಇದಕ್ಕೆ ಕಾರಣ ಈ ಕ್ಯಾಮೆರಾದ ರಚನೆಯಲ್ಲೇ ಇದೆ. ಒಳಗೆ ಕನ್ನಡಿಯಿರುವ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ನಾವು ನೋಡುವುದು ಲೆನ್ಸಿನ ಮೂಲಕ. ರೇಂಜ್‌ಫೈಂಡರಿನಲ್ಲಿ ನೋಡುವುದು ಬೇರೆಯದೇ ಕಿಟಕಿಯಿಂದ. ಪಕ್ಕದ ಇನ್ನೊಂದು ಪುಟ್ಟ ಕಿಟಕಿಯ ಚಿತ್ರ ಕನ್ನಡಿಯಿಂದ ಪ್ರತಿಫಲಿಸಿ, ಅರೆಪಾರದರ್ಶಕ ಗಾಜಿನ ಮೇಲೆ ಬಿದ್ದು, ನಡುವಿನ ಚೌಕದಲ್ಲಿ ಎರಡನೆಯ ಬಿಂಬವಾಗಿ ಕಾಣುತ್ತದೆ. ಫೋಕಸ್ ಉಂಗುರ ತಿರುಗಿಸಿದಂತೆ ಒಂದು ಸನ್ನೆಗೋಲು ಒಳಗಿನ ಬಿಂಬವನ್ನು ಅತ್ತಿತ್ತ ಸರಿಸುತ್ತದೆ. ಎರಡೂ ಒಂದಾದಾಗ ಫೋಕಸ್ ಕೂತಿತು ಎಂದರ್ಥ. ಈ ಸನ್ನೆಗೋಲು ಕೂದಲೆಳೆಯಷ್ಟು ತಪ್ಪಿದರೂ ಚಿತ್ರ ತೆಗೆಯುವಾಗ ಫೈಂಡರಿನಲ್ಲಿ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ರೋಲ್ ತೊಳೆದ ಮೇಲೆಯೇ.

ಹೊಸದು ಬೇಕು ಅನ್ನುವವರಿಗೆ 35 ಎಂಎಂ ಫಿಲ್ಮಿನ ಕಪಲ್ಡ್ (ಫೋಕಸ್ ಉಂಗುರಕ್ಕೇ ಜೋಡಿಸಿದ) ರೇಂಜ್‌ಫೈಂಡರಿನಲ್ಲಿ ಆಯ್ಕೆ ಬಹಳ ಚಿಕ್ಕದು: 2022ರಲ್ಲಿ ಮತ್ತೆ ತಯಾರಿಕೆಗೆ ಬಂದ ಲೈಕಾ ಎಂ6, ಮತ್ತು ಅದೇ ಮನೆಯ ಎಂಪಿ, ಎಂ-ಎ. ಅದ್ಭುತವಾದ ಯಂತ್ರಗಳೇ, ಆದರೆ ಲೆನ್ಸ್ ಸೇರಿಸಿದರೆ ಲಕ್ಷಗಳಲ್ಲಿ ಲೆಕ್ಕ. ಕಡಿಮೆ ಬೆಲೆಗೆ ಹೊಸದಾಗಿ ಸಿಗುತ್ತಿದ್ದ ಫೋಕ್ಟ್‌ಲೆಂಡರ್ ಬೆಸ್ಸಾ ಸರಣಿ 2015ರಲ್ಲಿ ನಿಂತಿತು. ಹಾಗಾಗಿ ಮೊದಲ ರೇಂಜ್‌ಫೈಂಡರ್ ಅಂದರೆ ಹೆಚ್ಚಿನವರಿಗೆ ಸೆಕೆಂಡ್ ಹ್ಯಾಂಡ್, ಅದರಲ್ಲೂ 1960-70ರ ದಶಕದ ಜಪಾನಿನ, ಲೆನ್ಸ್ ಬಿಚ್ಚಲಾಗದ ಮಾದರಿಗಳು.

ನಾನು ಆರಿಸಿದ್ದು ಕೆನಾನ್ ಕೆನನೆಟ್ ಕ್ಯೂಎಲ್17 ಜಿ-3. 1972ರ ಮಾದರಿ, 40 ಎಂಎಂ ಎಫ್/1.7 ಲೆನ್ಸ್, 1/4ರಿಂದ 1/500 ಸೆಕೆಂಡಿನವರೆಗೆ ಓಡುವ ಕೊಪಾಲ್ ಲೀಫ್ ಶಟರ್ (ಲೆನ್ಸಿನೊಳಗೆ ತೆಳು ಎಲೆಗಳು ತೆರೆದು ಮುಚ್ಚುವಂಥದ್ದು). ಇದನ್ನು ಆರಿಸಲು ಮುಖ್ಯ ಕಾರಣ ಒಂದೇ: ಅಪರ್ಚರ್, ಅಂದರೆ ಎಫ್ ಅಂಕಿಯಲ್ಲಿ ಹೇಳುವ ಲೆನ್ಸಿನ ತೆರಪು, ಹೊಂದಿಸುವ ಉಂಗುರವನ್ನು 'ಎ'ಯಿಂದ (ಆಟೋ) ಹೊರಗೆ ತಿರುಗಿಸಿದರೆ ಬ್ಯಾಟರಿಯೇ ಇಲ್ಲದೆ ಎಲ್ಲ ವೇಗಗಳೂ ಎಲ್ಲ ಅಪರ್ಚರ್‌ಗಳೂ ಕೆಲಸ ಮಾಡುತ್ತವೆ. ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್ ಲೆನ್ಸೂ ಎಫ್/1.7, ಬಹಳ ಚೆನ್ನಾಗಿದೆ. ಆದರೆ ಅದರ ಶಟರ್ ವಿದ್ಯುತ್ತಿನದು. ಬ್ಯಾಟರಿ ಸತ್ತರೆ ಉಳಿಯುವುದು 1/500 ಒಂದೇ. ಅದರೊಳಗೆ ಒಂದು ಸಣ್ಣ ರಬ್ಬರ್ ಪ್ಯಾಡ್ ಇದೆ, ವಯಸ್ಸಾದಂತೆ ಪುಡಿಯಾಗುತ್ತದೆ. ಸನ್ನೆ ಎಳೆದು ಫಿಲ್ಮ್ ಮುಂದೆ ಸರಿಸುವಾಗ ಒಳಗಿನಿಂದ 'ಟಕ್' ಎಂಬ ಸದ್ದು ಬರಬೇಕು. ಬರದಿದ್ದರೆ ಪ್ಯಾಡ್ ಹೋಗಿದೆ, ಎಕ್ಸ್‌ಪೋಶರ್ ನಂಬಲಾಗದು. ಕೆನನೆಟ್ ಹೆಸರಿನಲ್ಲೇ ಬರುವ 'ಕೆನನೆಟ್ 28' ಬೇರೆ ಕ್ಯಾಮೆರಾ. ಪೂರ್ತಿ ಆಟೋ, ಎಫ್/2.8. ಹೆಸರು ನೋಡಿ ಮೋಸ ಹೋಗಬಾರದು.

ಸೋವಿಯತ್ ಝೋರ್ಕಿ, ಫೆಡ್ ಕ್ಯಾಮೆರಾಗಳು ಅಗ್ಗ, ಲೆನ್ಸ್ ಬದಲಾಯಿಸಬಹುದು, ಜ್ಯೂಪಿಟರ್-8 ಲೆನ್ಸಿನ ಚಿತ್ರಕ್ಕೆ ತನ್ನದೇ ಸೊಗಸಿದೆ. ಆದರೂ ಮೊದಲ ಕ್ಯಾಮೆರಾವಾಗಿ ನಾನು ಹೇಳುವುದಿಲ್ಲ. ಝೋರ್ಕಿ-4ರಲ್ಲಿ ಫಿಲ್ಮ್ ಸುತ್ತುವ ಗುಂಡಿ ತಿರುಗಿಸಿ ಶಟರ್ ಎಳೆದ ಮೇಲೆಯೇ ವೇಗದ ಚಕ್ರ ತಿರುಗಿಸಬೇಕು. ಮೊದಲೇ ತಿರುಗಿಸಿದರೆ ಒಳಗಿನ ನಿಧಾನ ವೇಗದ ಯಂತ್ರ ಮುರಿಯಬಹುದು. ಕೈ ಪಳಗುವವರೆಗೆ ಇದು ನೆನಪಿರುವುದು ಕಷ್ಟ. ಜೊತೆಗೆ ಇವುಗಳ ಶಟರ್ ಬಟ್ಟೆಯದು. ರೇಂಜ್‌ಫೈಂಡರಿನಲ್ಲಿ ಲೆನ್ಸಿಗೂ ಶಟರಿಗೂ ನಡುವೆ ಕನ್ನಡಿ ಇಲ್ಲ. ಮುಚ್ಚಳ ತೆಗೆದ ಕ್ಯಾಮೆರಾವನ್ನು ಸೂರ್ಯನತ್ತ ಮುಖ ಮಾಡಿ ಇಟ್ಟರೆ ಭೂತಗನ್ನಡಿಯಲ್ಲಿ ಕಾಗದ ಸುಟ್ಟ ಹಾಗೆ ಪರದೆಗೆ ತೂತು ಬೀಳುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಬಹಳ ಹೊತ್ತು ಬೇಡ. ಇದು ಲೈಕಾಕ್ಕೂ ಅನ್ವಯ. ಲೋಹದ ತೆಳು ಎಲೆಗಳ ಲೀಫ್ ಶಟರಿಗೆ ಈ ಭಯವಿಲ್ಲ. ಇನ್ನೊಂದು ಎಚ್ಚರ: ಚಿನ್ನದ ಬಣ್ಣದ, ಯುದ್ಧಕಾಲದ ಜರ್ಮನ್ ಲಾಂಛನ ಕೊರೆದ 'ಲೈಕಾ' ಅಗ್ಗಕ್ಕೆ ಸಿಕ್ಕರೆ, ಅದು ಬಹುತೇಕ ಫೆಡ್ ಅಥವಾ ಝೋರ್ಕಿಯನ್ನೇ ಕೆತ್ತಿ ಬಣ್ಣ ಬಳಿದದ್ದು.

ಕೊಳ್ಳುವ ಮುನ್ನ ಪರೀಕ್ಷೆಗೆ ನನ್ನ ಚೀಲದಲ್ಲಿ ಇರುವುದು ಟಾರ್ಚ್, ಅಳತೆಯ ಟೇಪು, ಮಸುಕು ಬಿಳಿಯ ಅಂಟುಪಟ್ಟಿ, ಒಂದು ಭೂತಗನ್ನಡಿ.

ಮೊದಲು ಪ್ಯಾಚ್. ಉಂಗುರವನ್ನು ಅನಂತಕ್ಕೆ ಇಟ್ಟು, ಅರ್ಧ ಕಿಲೋಮೀಟರಿಗಿಂತ ದೂರದ ಮೊಬೈಲ್ ಟವರನ್ನೋ ಗೋಪುರವನ್ನೋ ನೋಡುತ್ತೇನೆ. ಎರಡು ಬಿಂಬ ಒಂದಾಗಿರಬೇಕು. ಆಮೇಲೆ ಅಡ್ಡವಾಗಿ ಹಾದ ವಿದ್ಯುತ್ ತಂತಿ ನೋಡುತ್ತೇನೆ: ತಂತಿ ಚೌಕದೊಳಗೆ ಒಂದು ಮೆಟ್ಟಿಲು ಮೇಲೋ ಕೆಳಗೋ ಜಿಗಿದರೆ ಬಿಂಬ ನೆಟ್ಟಗಿನ ದಿಕ್ಕಿನಲ್ಲಿ ತಪ್ಪಿದೆ. ಸ್ವಲ್ಪ ಜಿಗಿತವಿದ್ದರೂ ಕಂಬ, ಬಾಗಿಲ ಅಂಚಿನಂಥ ನೆಟ್ಟಗೆರೆಗಳ ಮೇಲೆ ಫೋಕಸ್ ಮಾಡಬಹುದು. ಆದರೆ ಕ್ಯಾಮೆರಾ ಎಲ್ಲೋ ಬಿದ್ದಿತ್ತು ಅನ್ನುವ ಸುಳಿವು ಅದು. ಪ್ಯಾಚ್‌ನ ಮೂರನೆಯ ಪರೀಕ್ಷೆ ಹತ್ತಿರದ ತುದಿ, ಅಂದರೆ ಫೋಕಸ್ ಆಗುವ ಅತಿ ಕಡಿಮೆ ದೂರ. ಕೆನನೆಟ್‌ಗೆ ಅದು 0.8 ಮೀಟರ್. ಹಿಂಬದಿಯ ಫಿಲ್ಮ್ ಕೂರುವ ಜಾಗದಿಂದ ಟೇಪು ಹಿಡಿದು ಅಳೆದು, ಬಿಂಬ ಒಂದಾದಾಗ ಉಂಗುರದ ಅಂಕಿ ಏನು ಹೇಳುತ್ತದೆ ಎಂದು ನೋಡಬೇಕು. ಅನಂತದಲ್ಲಿ ಸರಿಯಿದ್ದು ಹತ್ತಿರದಲ್ಲಿ ತಪ್ಪುವ ಕ್ಯಾಮೆರಾಗಳು ಇವೆ. ಎಫ್/1.7ರಲ್ಲಿ 1 ಮೀಟರ್ ದೂರಕ್ಕೆ ಸ್ಪಷ್ಟವಾಗಿ ಬರುವ ಆಳ ಸುಮಾರು 6 ಸೆಂಟಿಮೀಟರ್ ಮಾತ್ರ. ತಪ್ಪಿಗೆ ಜಾಗವೇ ಇಲ್ಲ.

ಪ್ಯಾಚ್ ಸರಿಯಿದ್ದು ಮಂಕಾಗಿದ್ದರೆ ಬೇರೆ ಮಾತು. ಒಳಗಿನ ಗಾಜಿಗೆ ಧೂಳು, ಮಂಜು ಕಟ್ಟಿರಬಹುದು. ಮೇಲ್ಮುಚ್ಚಳ ತೆಗೆದು ಒರೆಸಿದರೆ ಹೋಗುತ್ತದೆ. ಆದರೆ ಅರೆಪಾರದರ್ಶಕ ಗಾಜಿನ ಲೇಪನ ಬಹಳ ಮೃದು, ಉಜ್ಜಿದರೆ ಲೇಪನವೇ ಎದ್ದುಬಂದು ಪ್ಯಾಚ್ ಶಾಶ್ವತವಾಗಿ ಮಾಯವಾಗುತ್ತದೆ. ಅದಕ್ಕೆ ನಾನು ಗಾಳಿ ಊದುವ ಬಲ್ಬ್ ಬಿಟ್ಟು ಬೇರೇನೂ ಮುಟ್ಟಿಸುವುದಿಲ್ಲ. ಉಳಿದ ಗಾಜುಗಳಿಗೆ ಮಾತ್ರ ಹತ್ತಿ. ಬಿಚ್ಚದೇ ಮಾಡಬಹುದಾದ ಉಪಾಯವೂ ಇದೆ. ಫೈಂಡರಿನ ಮುಂದಿನ ದೊಡ್ಡ ಕಿಟಕಿಯ ಸರಿಯಾದ ನಡುವಿಗೆ ಪ್ಯಾಚ್‌ನಷ್ಟೇ ಚಿಕ್ಕ ಕಪ್ಪು ಟೇಪಿನ ಚೂರು ಅಂಟಿಸಿ. ನೇರ ಬಿಂಬ ಅಷ್ಟು ಜಾಗದಲ್ಲಿ ಕಪ್ಪಾಗಿ, ಎರಡನೆಯ ಬಿಂಬ ಎದ್ದು ಕಾಣುತ್ತದೆ.

ಎರಡನೆಯದು ಶಟರ್. ಹಿಂಬಾಗಿಲು ತೆರೆದು, ಬೆಳಕಿನತ್ತ ಹಿಡಿದು, ಎಲ್ಲ ವೇಗದಲ್ಲೂ ಐದೈದು ಸಲ ಒತ್ತುತ್ತೇನೆ. ಲೀಫ್ ಶಟರಿನ ಎಲೆಗಳಿಗೆ ಹಳೆಯ ಎಣ್ಣೆ ಹರಿದು ಅಂಟಿಕೊಳ್ಳುವುದು ಈ ತಲೆಮಾರಿನ ಕ್ಯಾಮೆರಾಗಳ ಅತಿ ಸಾಮಾನ್ಯ ಕಾಯಿಲೆ. ಬಹಳ ದಿನ ಸುಮ್ಮನಿದ್ದ ಕ್ಯಾಮೆರಾದಲ್ಲಿ ಮೊದಲ ಒತ್ತು ಹೇಗಿತ್ತು ಅನ್ನುವುದೇ ಮುಖ್ಯ. ಮಾರುವವರು ಹತ್ತು ಸಲ ಒತ್ತಿ ಬಿಸಿ ಮಾಡಿಟ್ಟಿದ್ದರೆ ಆಮೇಲೆ ಸರಿಯಾಗಿಯೇ ಓಡುತ್ತದೆ. ನಿಧಾನ ವೇಗಗಳನ್ನು ಫೋನಿನ 240 ಫ್ರೇಮಿನ ಸ್ಲೋ ಮೋಷನ್‌ನಲ್ಲಿ ಅಳೆಯಬಹುದು: 1/4 ಸೆಕೆಂಡಿಗೆ ಶಟರ್ 60 ಫ್ರೇಮು ತೆರೆದಿರಬೇಕು, 1/30ಕ್ಕೆ 8. ಅದಕ್ಕಿಂತ ವೇಗದ್ದಕ್ಕೆ ಈ ವಿಧಾನ ಸಾಲದು. 1/500 ಅನ್ನುವುದು ನಿಜದಲ್ಲಿ 1/350ರ ಸುತ್ತ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ನೆಗೆಟಿವ್ ಫಿಲ್ಮ್ ಅರ್ಧ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು) ಹೆಚ್ಚು ಬೆಳಕನ್ನು ಸುಲಭವಾಗಿ ತಾಳುತ್ತದೆ.

ಆಮೇಲೆ ಲೆನ್ಸ್. ಶಟರನ್ನು ಬಿಗೆ (ಗುಂಡಿ ಒತ್ತಿರುವಷ್ಟು ಹೊತ್ತೂ ತೆರೆದಿರುವ ಸ್ಥಾನ) ಇಟ್ಟು, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಬೇಕು. ಧೂಳಿನ ನಾಲ್ಕಾರು ಕಣ ಲೆಕ್ಕಕ್ಕಿಲ್ಲ. ಜೇಡರ ಬಲೆಯಂತೆ ಕವಲೊಡೆದ ಎಳೆಗಳು ಕಂಡರೆ ಬೂಷ್ಟು. ಮಲೆನಾಡು, ಕರಾವಳಿಯ ಮನೆಗಳಿಂದ ಬಂದ ಕ್ಯಾಮೆರಾಗಳಲ್ಲಿ ಇದನ್ನು ಮೊದಲು ಹುಡುಕುತ್ತೇನೆ. ಹೊಸ ಬೂಷ್ಟನ್ನು ತೊಳೆಯಬಹುದು, ಹಳೆಯದು ಲೇಪನವನ್ನೇ ತಿಂದಿರುತ್ತದೆ. ತಪ್ಪು ಹೆಚ್ಚಾಗಿ ಚರ್ಮದ ಕೇಸಿನದು. ಜೋಪಾನವಾಗಿರಲಿ ಎಂದು ವರ್ಷಗಟ್ಟಲೆ ಅದರಲ್ಲೇ ಇಡುತ್ತಾರೆ, ಚರ್ಮ ತೇವ ಹಿಡಿದುಕೊಳ್ಳುತ್ತದೆ. ನಾನು ಕೇಸನ್ನು ಬೇರೆ ಇಟ್ಟು, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಾಲು ಕೆಜಿ ಸಿಲಿಕಾ ಜೆಲ್ ಮತ್ತು ಸಣ್ಣ ಹೈಗ್ರೋಮೀಟರ್ ಜೊತೆ ಕ್ಯಾಮೆರಾ ಇಡುತ್ತೇನೆ. ತೇವಾಂಶ ಶೇ. 40ರಿಂದ 50ರೊಳಗೆ ಇರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೆಲ್ಲಿನ ಬಣ್ಣ ಬದಲಾದಾಗಲೆಲ್ಲ ಹುರಿದು ಒಣಗಿಸಬೇಕು.

ಸಮಯ ಕೊಟ್ಟರೆ ಇನ್ನೊಂದು ಪರೀಕ್ಷೆ ಮಾಡುತ್ತೇನೆ, ನನಗೆ ಇದರ ಮೇಲೆ ಎಲ್ಲಕ್ಕಿಂತ ನಂಬಿಕೆ. ಹಿಂಬಾಗಿಲು ತೆರೆದು, ಫಿಲ್ಮ್ ಕೂರುವ ಒಳಗಿನ ಎರಡು ಹಳಿಗಳ ಮೇಲೆ ಮಸುಕು ಅಂಟುಪಟ್ಟಿಯನ್ನು ಬಿಗಿಯಾಗಿ ಎಳೆದು ಅಂಟಿಸಬೇಕು. ಹೊರಗಿನ ಹಳಿಗಳ ಮೇಲೆ ಅಂಟಿಸಿದರೆ ಅಳತೆಯೇ ತಪ್ಪುತ್ತದೆ. ಶಟರ್ ಬಿ, ಗುಂಡಿಗೆ ಸಿಕ್ಕಿಸುವ ಕೇಬಲ್ ರಿಲೀಸಿನಿಂದ ತೆರೆದಿಟ್ಟು, ಎಫ್/1.7. ಪ್ಯಾಚ್ ನೋಡಿ ಫೋಕಸ್ ಮಾಡಿ, ಪಟ್ಟಿಯ ಮೇಲೆ ತಲೆಕೆಳಗಾಗಿ ಬಿದ್ದ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದರೆ ಲೆನ್ಸೂ ಪ್ಯಾಚೂ ಒಂದೇ ಮಾತು ಹೇಳುತ್ತಿವೆಯೇ ಎಂದು ಅಲ್ಲೇ ತಿಳಿಯುತ್ತದೆ.

ಹಿಂಬಾಗಿಲಿನಿಂದ ಬೆಳಕು ಒಳಗೆ ಬಾರದಂತೆ ತಡೆಯುವ ಫೋಮ್ ಸೀಲ್ ಹಾಳಾಗಿರುವುದು ಗ್ಯಾರಂಟಿ. ಅದನ್ನು ದೋಷ ಎಂದು ಎಣಿಸದೆ ಬೆಲೆ ಇಳಿಸಲು ಬಳಸಿಕೊಳ್ಳಿ. ಐವತ್ತು ವರ್ಷದಲ್ಲಿ ಅದು ಡಾಂಬರಿನಂತೆ ಕರಗಿರುತ್ತದೆ. ಕ್ಯಾಮೆರಾವನ್ನು ಬೋರಲು ಹಿಡಿದು, ಚೂರುಗಳು ಹೊರಗೆ ಬೀಳುವಂತೆ, ಹಲ್ಲುಕಡ್ಡಿಯಿಂದ ಕೆರೆದು, ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸುತ್ತೇನೆ. ಉಗುರುಬಣ್ಣ ತೆಗೆಯುವ ದ್ರವ ಬೇಡ, ಪ್ಲಾಸ್ಟಿಕ್ ಕರಗುತ್ತದೆ. ಉದ್ದದ ಸಪೂರ ಕಾಲುವೆಗಳಿಗೆ ಕಪ್ಪು ಉಣ್ಣೆಯ ದಾರ, ಕೀಲಿನ ಬದಿಗೆ 2 ಎಂಎಂ ಕಪ್ಪು ಫೋಮ್. ದಪ್ಪ ಹೆಚ್ಚಾದರೆ ಬಾಗಿಲು ಕೂರುವುದಿಲ್ಲ.

ಕೊನೆಗೆ ಮೀಟರ್. ಬ್ಯಾಟರಿ ಗೂಡಿನಲ್ಲಿ ಹಸಿರು ಕಿಲುಬು ಇದ್ದರೆ ವಿನಿಗರ್ ಅದ್ದಿದ ಹತ್ತಿಕಡ್ಡಿಯಿಂದ ತೆಗೆದು ಆಲ್ಕೋಹಾಲಿನಲ್ಲಿ ಒರೆಸಬೇಕು. ಕೆನನೆಟ್ ಕೇಳುವುದು 1.35 ವೋಲ್ಟಿನ ಪಾದರಸದ 625 ಸೆಲ್, ಅದು ಈಗ ತಯಾರಾಗುವುದಿಲ್ಲ. ಅದೇ ಅಳತೆಯ 1.5 ವೋಲ್ಟಿನ ಆಲ್ಕಲೈನ್ ಹಾಕಿದರೆ ಬೆಳಕು ಇರುವುದಕ್ಕಿಂತ ಹೆಚ್ಚು ಎಂದು ತೋರಿಸಿ ಫೋಟೊ ಕಪ್ಪಾಗುತ್ತದೆ. ಶ್ರವಣ ಸಾಧನಕ್ಕೆ ಹಾಕುವ 675 ನಂಬರಿನ ಜಿಂಕ್-ಏರ್ ಸೆಲ್ 1.4 ವೋಲ್ಟ್, ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ವ್ಯಾಸ ಚಿಕ್ಕದಾದ್ದರಿಂದ ಸುತ್ತ ಒಂದು ರಬ್ಬರ್ ಉಂಗುರ ಬೇಕು. ಮೇಲಿನ ಚೀಟಿ ಕಿತ್ತು ಐದು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಬೇಕು. ಚೀಟಿ ಕಿತ್ತ ಮೇಲೆ ಬಳಸಿದರೂ ಬಳಸದಿದ್ದರೂ ಒಂದೆರಡು ತಿಂಗಳಲ್ಲಿ ಸಾಯುತ್ತದೆ. ಮೀಟರ್ ಕೆಲಸ ಮಾಡುವುದು 'ಎ'ನಲ್ಲಿ ಮಾತ್ರ, ಅಲ್ಲಿ ಬೆಳಕು ಮಿತಿ ಮೀರಿದರೆ ಶಟರ್ ಗುಂಡಿ ಒತ್ತಲಾಗುವುದಿಲ್ಲ, ಕೆಟ್ಟಿದೆ ಎಂದುಕೊಳ್ಳಬೇಡಿ.

ಮೀಟರ್ ಇಲ್ಲದೆ ತೆಗೆಯುವವರಿಗೆ: 400 ಐಎಸ್‌ಒ ಫಿಲ್ಮಿಗೆ 1/500 ಇಟ್ಟು, ಖಡಕ್ ಬಿಸಿಲಿಗೆ ಎಫ್/16, ತೆಳು ಮೋಡಕ್ಕೆ 11, ಮೋಡಕ್ಕೆ 8, ಮಳೆಗಾಲದ ದಟ್ಟ ಮೋಡಕ್ಕೆ 5.6, ನೆರಳಿಗೆ 4. ಬಿಸಿಲಿಗೆ ಕೆನನೆಟ್ ಅಲ್ಲಿಗೆ ತನ್ನ ತುದಿ ಮುಟ್ಟಿತು, ಹಾಗಾಗಿ ಬೇಸಿಗೆಯಲ್ಲಿ ನಾನು 200ರ ಫಿಲ್ಮ್ ಹಾಕುತ್ತೇನೆ. ರಸ್ತೆಯಲ್ಲಿ ಎಫ್/8, 3 ಮೀಟರಿಗೆ ಇಟ್ಟರೆ ಸುಮಾರು 2ರಿಂದ 5.4 ಮೀಟರ್‌ವರೆಗೆ ಸ್ಪಷ್ಟ, ಪ್ಯಾಚ್ ನೋಡುವ ಅಗತ್ಯವೇ ಬೀಳುವುದಿಲ್ಲ.

ಮೊದಲ ರೋಲನ್ನು ಪೂರ್ತಿ ಪರೀಕ್ಷೆಗೇ ಮೀಸಲಿಡಿ. ಫಿಲ್ಮ್ ಸುತ್ತುವಾಗ ಎಡಗಡೆಯ ರಿವೈಂಡ್ ಗುಂಡಿ ತಿರುಗುತ್ತಿದೆಯೇ ನೋಡಿ. ತಿರುಗದಿದ್ದರೆ ಫಿಲ್ಮ್ ಹಿಡಿದಿಲ್ಲ. ಲೆನ್ಸ್ ಮುಚ್ಚಳ ಹಾಕಿ, ಕ್ಯಾಮೆರಾದ ಪ್ರತಿ ಬದಿಗೂ ಎರಡೆರಡು ನಿಮಿಷ ಬಿಸಿಲು ತಾಗಿಸಿ, ಮುಚ್ಚಳ ತೆಗೆಯದೆಯೇ ಎರಡು ಫ್ರೇಮ್ ಒತ್ತಿ. ತೊಳೆದಾಗ ಅಲ್ಲಿ ಕಪ್ಪು ಗೆರೆ ಬಂದರೆ ಬೆಳಕು ಸೋರುತ್ತಿದೆ. ಬಿಸಿಲ ಗೋಡೆಯನ್ನು 1/500 ಎಫ್/8, 1/250 ಎಫ್/11, 1/125 ಎಫ್/16ರಲ್ಲಿ ತೆಗೆಯಿರಿ. ಮೂರರ ಗಾಢತೆಯೂ ಒಂದೇ ಇರಬೇಕು. ಮೇಜಿನ ಮೇಲೆ ಐದು ಬೆಂಕಿಪೊಟ್ಟಣಗಳನ್ನು ಓರೆ ಸಾಲಿನಲ್ಲಿ, ಒಂದಕ್ಕಿಂತ ಒಂದು 5 ಸೆಂಟಿಮೀಟರ್ ಹಿಂದೆ ನಿಲ್ಲಿಸಿ, ಎಫ್/1.7ರಲ್ಲಿ ನಡುವಿನದರ ಮೇಲೆ ಫೋಕಸ್ ಮಾಡಿ 0.8, 1, 1.5 ಮೀಟರ್‌ಗಳಿಂದ ತೆಗೆಯಿರಿ. ಪ್ರತಿ ದೂರಕ್ಕೂ ಮೂರು ಫ್ರೇಮ್, ಪ್ರತಿ ಸಲವೂ ಉಂಗುರ ಅನಂತಕ್ಕೆ ಹೋಗಿ ಮತ್ತೆ ಬರಲಿ. ಎಲ್ಲ ಫ್ರೇಮಿನಲ್ಲೂ ಒಂದೇ ಕಡೆಗೆ, ಒಂದೇ ಪೊಟ್ಟಣದಷ್ಟು ತಪ್ಪಿದ್ದರೆ ರೇಂಜ್‌ಫೈಂಡರ್ ಹೊಂದಿಸಿದರೆ ಸಾಕು, ರಿಪೇರಿಯವರಿಗೆ ಸಣ್ಣ ಕೆಲಸ. ಒಮ್ಮೆ ಮುಂದೆ, ಒಮ್ಮೆ ಹಿಂದೆ ತಪ್ಪಿದ್ದರೆ ಲೆನ್ಸಿನ ಉಂಗುರವೋ ಸನ್ನೆಗೋಲೋ ಸಡಿಲವಾಗಿದೆ. ಅಂಥದ್ದನ್ನು ಹಿಂತಿರುಗಿಸುವ ಅವಧಿ ಮುಗಿಯುವುದರೊಳಗೆ ಮರಳಿ ಕೊಟ್ಟುಬಿಡಿ.