ಇಂಗ್ಲೆಂಡಿನ ಕೌನ್ಸಿಲ್ ಅಂದ್ರೆ ಏನು? ಕಲಬುರಗಿಯಿಂದ ಹೊರಟವರಿಗೆ

ಹೋದ ಮೇ ತಿಂಗಳಲ್ಲಿ ಊರಿಗೆ ಬಂದಿದ್ದೆ. ಬ್ರಹ್ಮಪುರದಲ್ಲಿ ಅಕ್ಕನ ಮನೆ. ಅವತ್ತು ನಳದ ನೀರಿನ ಪಾಳಿ. ಬೆಳಗಿನ ಐದಕ್ಕೇ ಕೊಡ, ಬಕೆಟ್, ನೀಲಿ ಡ್ರಮ್ ಎಲ್ಲ ಅಂಗಳದಲ್ಲಿ ಸಾಲಾಗಿ ನಿಂತಿದ್ದವು. ನೀರು ಮಾತ್ರ ಬಂದಿರಲಿಲ್ಲ. ಏಳು ಹೊಡೆದ ಮೇಲೆ ಅಕ್ಕ ಸೀದಾ ಕಾರ್ಪೊರೇಟರ್‌ಗೆ ಫೋನ್ ಹಚ್ಚಿದಳು. “ಅಣ್ಣಾರ, ಇನ್ನಾ ನಳ ಬಂದಿಲ್ರಿ.” ಆ ಕಡೆಯಿಂದ ಏನು ಹೇಳಿದರೋ, “ಹ್ಞೂಂ ರೀ, ಹ್ಞೂಂ ರೀ” ಅಂತ ಫೋನ್ ಇಟ್ಟಳು.

ಅಕ್ಕನ ಮಗ ಸೆಪ್ಟೆಂಬರ್‌ಗೆ ಇಂಗ್ಲೆಂಡಿಗೆ ಹೊರಡುವವನು. ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ. ಖಾಲಿ ಕೊಡದ ಪಕ್ಕ ಕೂತು ಕೇಳಿದ: “ಮಾಮಾ, ಅಲ್ಲಿ ನಳ ಬರಲಿಲ್ಲಂದ್ರ ಯಾರಿಗಿ ಫೋನ್ ಹಚ್ಚಬೇಕು?”

ಕೌನ್ಸಿಲಿಗೆ, ಅಂದ್ರೆ ಅಲ್ಲಿನ ಪಾಲಿಕೆಗೆ, ಅಂತೂ ಅಲ್ಲ. ಇಂಗ್ಲೆಂಡಿನಲ್ಲಿ ನೀರು 1989ರಿಂದ ಖಾಸಗಿ ಕಂಪನಿಗಳ ಕೈಯಲ್ಲಿದೆ. ಕರೆಂಟೂ ಕಂಪನಿಯದೇ. ಆಸ್ಪತ್ರೆ ಎನ್‌ಎಚ್‌ಎಸ್ ಅನ್ನೋ ಸರ್ಕಾರಿ ಆರೋಗ್ಯ ಸೇವೆಯದು, ಪೊಲೀಸ್ ಬೇರೆ. ಹಾಗಾದ್ರೆ ಕೌನ್ಸಿಲ್ ಮಾಡೋದೇನು? ಕಸ ಒಯ್ಯೋದು, ರಸ್ತೆ, ಬೀದಿ ದೀಪ, ಪಾರ್ಕಿಂಗ್, ಲೈಬ್ರರಿ, ಮನೆ ಕಟ್ಟಲು ಪರವಾನಗಿ (ಅದಕ್ಕೆ ಪ್ಲಾನಿಂಗ್ ಅಂತಾರೆ), ಮಕ್ಕಳ ಶಾಲೆ ಸೀಟು, ಹೋಟೆಲ್ ಬಾಗಿಲಲ್ಲಿ ಅಂಟಿಸಿರುತ್ತಾರಲ್ಲ, 0ಯಿಂದ 5ರವರೆಗಿನ ಸ್ವಚ್ಛತೆಯ ಅಂಕ, ಅದೂ. ಇದೆಲ್ಲಕ್ಕಿಂತ ಜಾಸ್ತಿ ದುಡ್ಡು ಹೋಗೋದು ಮಾತ್ರ ಕಣ್ಣಿಗೆ ಬೀಳದ ಕೆಲಸಕ್ಕೆ: ವಯಸ್ಸಾದವರ ಆರೈಕೆ, ಅಂಗವಿಕಲರ ನೆರವು, ದಿಕ್ಕಿಲ್ಲದ ಮಕ್ಕಳ ಪಾಲನೆ. ರಸ್ತೆ ಗುಂಡಿ ವರ್ಷಗಟ್ಟಲೆ ಹಾಗೇ ಇರೋದಕ್ಕೆ ಇದೂ ಒಂದು ಕಾರಣ. ಬರೀ ಸೋಮಾರಿತನ ಅಂತ ನಾನು ಬಹಳ ದಿನ ಬೈದುಕೊಂಡಿದ್ದೆ.

ಇನ್ನೊಂದು ಗೊಂದಲ. ಕೆಲವು ಕಡೆ ಒಂದೇ ಕೌನ್ಸಿಲ್, ಕೆಲವು ಕಡೆ ಎರಡು. ಎರಡಿದ್ದರೆ ರಸ್ತೆ, ಶಾಲೆ ಮೇಲಿನ ಕೌಂಟಿಯದು, ಕಸ ಮತ್ತು ಪ್ಲಾನಿಂಗ್ ಕೆಳಗಿನ ಡಿಸ್ಟ್ರಿಕ್ಟ್‌ದು. ಎರಡನ್ನೂ ಕೂಡಿಸಿ ಒಂದೇ ಮಾಡುವ ಕೆಲಸ ಈಗ ನಡೆದಿದೆ. ನಿಮ್ಮದು ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿನ ಸರ್ಕಾರದ ವೆಬ್‌ಸೈಟ್ ಗವ್ ಡಾಟ್ ಯುಕೆಯಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಹೇಳುತ್ತದೆ. ನಾನು ಬರೀತಿರೋದು ಇಂಗ್ಲೆಂಡಿನ ಲೆಕ್ಕ. ಸ್ಕಾಟ್‌ಲೆಂಡ್, ವೇಲ್ಸ್‌ನಲ್ಲಿ ಸುಮಾರು ವ್ಯತ್ಯಾಸ ಇದೆ.

ಈಗ ದುಡ್ಡಿನ ಮಾತು. ನಮ್ಮಲ್ಲಿ ಮನೆ ಕರ ಕಟ್ಟೋನು ಮಾಲೀಕ. ಅಲ್ಲಿ ಕೌನ್ಸಿಲ್ ಟ್ಯಾಕ್ಸ್ ಕಟ್ಟೋದು ಸಾಮಾನ್ಯವಾಗಿ ಮನೆಯಲ್ಲಿ ಇರುವವರು, ಅಂದ್ರೆ ಬಾಡಿಗೆದಾರರು. ಮನೆಗಳನ್ನು ಎ ಇಂದ ಎಚ್ ತನಕ ಎಂಟು ಪಟ್ಟಿ (ಬ್ಯಾಂಡ್) ಮಾಡಿದ್ದಾರೆ. ಪಟ್ಟಿ ಹಾಕೋದು 1991ರ ಏಪ್ರಿಲ್ 1ರಂದು ಆ ಮನೆಗೆ ಎಷ್ಟು ಬೆಲೆ ಬರುತ್ತಿತ್ತು ಅನ್ನೋದರ ಮೇಲೆ. ಹೋದ ವರ್ಷ ಕಟ್ಟಿದ ಮನೆಗೂ 1991ರದೇ ಬೆಲೆ ಊಹಿಸುತ್ತಾರೆ! ನಡುವಿನ ಡಿ ಪಟ್ಟಿಯ ಮನೆಗೆ 2025-26ರಲ್ಲಿ ಇಂಗ್ಲೆಂಡಿನ ಸರಾಸರಿ ತೆರಿಗೆ 2,280 ಪೌಂಡ್. ಬಾಡಿಗೆ ನೋಡುವಾಗ ಇದನ್ನೂ ಸೇರಿಸಿ ಲೆಕ್ಕ ಹಾಕಿ.

ಫುಲ್‌ಟೈಮ್ ವಿದ್ಯಾರ್ಥಿಗಳೇ ಇರುವ ಮನೆಗೆ ಈ ತೆರಿಗೆ ಇಲ್ಲ. ಆದರೆ ಅದು ತಾನಾಗಿ ತಪ್ಪುತ್ತದೆ ಅಂದುಕೊಳ್ಳಬೇಡಿ. ನೀವು ವಿದ್ಯಾರ್ಥಿ ಅನ್ನುವ ಯೂನಿವರ್ಸಿಟಿಯ ಪತ್ರ ಕೌನ್ಸಿಲಿಗೆ ಸೇರಿದೆಯೋ ಇಲ್ಲವೋ ನೋಡಿಕೊಳ್ಳಿ. ನಾನು ನೋಡಲಿಲ್ಲ. ಮೊದಲು ಬಿಲ್ ಬಂತು, ಆಮೇಲೆ ರಿಮೈಂಡರ್. “ಸ್ಟೂಡೆಂಟ್‌ಗೆ ಇಲ್ಲವಂತೆ, ಬಿಡು” ಅಂತ ರೂಮ್‌ಮೇಟ್ ಹೇಳಿದ, ಬಿಟ್ಟೆ. ಮೂರನೇ ಪತ್ರ ಕೋರ್ಟಿನ ಸಮನ್ಸ್. ಕೈ ನಡುಗಿತ್ತು. ಪುಣ್ಯಕ್ಕೆ ಯೂನಿವರ್ಸಿಟಿಯ ಪತ್ರ ಕಳಿಸಿದ ಮೇಲೆ ರದ್ದಾಯಿತು. ತೆರಿಗೆ ಇರುವವರಿಗೂ ಇದೇ ದಾರಿ: ಕಂತು ತಪ್ಪಿದರೆ 7 ದಿನದ ರಿಮೈಂಡರ್, ಅದೂ ತಪ್ಪಿದರೆ ಇಡೀ ವರ್ಷದ ಬಾಕಿ ಒಟ್ಟಿಗೇ ಕಟ್ಟಿ ಅಂತಾರೆ, ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟು. ನಮ್ಮ ಹಾಗೆ ನಾಲ್ಕು ವರ್ಷದ ಬಾಕಿ ಇಟ್ಟು ರಿಯಾಯಿತಿ ಬರಲಿ ಅಂತ ಕಾಯೋ ಆಟ ನಡೆಯೋದಿಲ್ಲ.

ಮನೆಯಲ್ಲಿ ದೊಡ್ಡವರು ಒಬ್ಬರೇ ಇದ್ದರೆ 25 ಶೇಕಡಾ ಕಡಿತ. ಒಬ್ಬರು ನೌಕರಿ, ಇನ್ನೊಬ್ಬರು ವಿದ್ಯಾರ್ಥಿ ಇದ್ದರೂ ಅದೇ ಕಡಿತ, ಏಕೆಂದರೆ ವಿದ್ಯಾರ್ಥಿಯನ್ನು ಲೆಕ್ಕಕ್ಕೆ ಹಿಡಿಯೋದಿಲ್ಲ. ಇದನ್ನು ಧೈರ್ಯವಾಗಿ ಕೇಳಿ. ಆದರೆ ಕಡಿಮೆ ಆದಾಯದವರಿಗೆ ‘ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್’ ಅಂತ ಬೇರೆ ಒಂದಿದೆ. ಹೆಸರು ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತದೆ, ಅಲ್ವಾ? ವೀಸಾದವರ ಮಟ್ಟಿಗೆ ಅದು ಸರ್ಕಾರಿ ನೆರವಿನ ಪಟ್ಟಿಯಲ್ಲಿದೆ. ನಿಮ್ಮ ವೀಸಾದ ಮೇಲೆ ‘ಪಬ್ಲಿಕ್ ಫಂಡ್ಸ್ ಇಲ್ಲ’ ಅಂತಿದ್ದರೆ ಅದಕ್ಕೆ ಅರ್ಜಿ ಹಾಕಬೇಡಿ. ಸಾಲದ್ದಕ್ಕೆ ವೀಸಾ ತಲೆನೋವು ಬೇರೆ ಯಾಕೆ.

ಇನ್ನು ನಮ್ಮವರಲ್ಲಿ ಅರ್ಧಕ್ಕರ್ಧ ಜನಕ್ಕೆ ಗೊತ್ತಿಲ್ಲದ ವಿಷಯ. ನಿಮಗೆ ಅಲ್ಲಿ ಮತ ಇದೆ. ಪಾಸ್‌ಪೋರ್ಟ್ ಭಾರತದ್ದೇ ಇರಲಿ, ವೀಸಾ ವಿದ್ಯಾರ್ಥಿಯದೇ ಇರಲಿ. ಭಾರತ ಕಾಮನ್‌ವೆಲ್ತ್ ದೇಶ. ಅಲ್ಲಿ ವಾಸ ಇರುವ, 18 ತುಂಬಿದ ಭಾರತೀಯರು ಕೌನ್ಸಿಲ್‌ಗೂ ಪಾರ್ಲಿಮೆಂಟಿಗೂ ಮತ ಹಾಕಬಹುದು. ಹೆಸರು ನೋಂದಾಯಿಸಲು ಆನ್‌ಲೈನ್‌ನಲ್ಲಿ ಐದೇ ನಿಮಿಷ. ಪಟ್ಟಿಯಲ್ಲಿ ಹೆಸರಿದ್ದರೆ ಮುಂದೆ ಮೊಬೈಲ್ ಕಾಂಟ್ರಾಕ್ಟ್, ಸಾಲ ಕೇಳುವಾಗ ಕ್ರೆಡಿಟ್ ತಪಾಸಣೆಗೂ ಅನುಕೂಲ. ನೋಂದಾಯಿಸಿ ಅಂತ ಬಂದ ನೋಟಿಸಿಗೆ ಉತ್ತರ ಕೊಡದೆ ಕೂತರೆ 80 ಪೌಂಡ್ ದಂಡ ಬೀಳಬಹುದು.

ಕೌನ್ಸಿಲ್ ಚುನಾವಣೆ ಸಾಮಾನ್ಯವಾಗಿ ಮೇ ತಿಂಗಳ ಮೊದಲ ಗುರುವಾರ, ಬೆಳಿಗ್ಗೆ 7ರಿಂದ ರಾತ್ರಿ 10. 2023ರಿಂದ ಫೋಟೋ ಇರುವ ಗುರುತಿನ ಚೀಟಿ ಬೇಕು, ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಒಳಗೆ ಯಂತ್ರ ಇಲ್ಲ, ಬೆರಳಿಗೆ ಶಾಯಿ ಇಲ್ಲ. ಒಂದು ಕಾಗದ, ದಾರ ಕಟ್ಟಿದ ಒಂದು ಗಿಡ್ಡ ಪೆನ್ಸಿಲ್. ಹೆಸರಿನ ಮುಂದೆ × ಗುರುತು ಹಾಕಿ, ಕಾಗದ ಡಬ್ಬಿಗೆ ಹಾಕಿ ಬರೋದು. ಪೆನ್ಸಿಲ್‌ನಲ್ಲಾ ಅಂತ ಅಳಿಯ ನಕ್ಕ. ನಾನೂ ಮೊದಲ ಸಲ ಹಾಗೇ ನಕ್ಕಿದ್ದೆ.

ಗೆದ್ದವರು ಏನು ಮಾಡ್ತಾರೆ? ಇಲ್ಲಿ ನಮ್ಮ ಪಾಲಿಕೆಯ ಲೆಕ್ಕ ಮರೆತುಬಿಡಿ. ಕಲಬುರಗಿಯಲ್ಲಿ 55 ವಾರ್ಡು. ಕಮಿಷನರ್‌ನ್ನು ಕಳಿಸೋದು ರಾಜ್ಯ ಸರ್ಕಾರ. 2021ರ ಸೆಪ್ಟೆಂಬರ್‌ನಲ್ಲಿ ಚುನಾವಣೆ ಆದರೂ ಮೇಯರ್ ಆಯ್ಕೆ ಆಗಿದ್ದು 2023ರ ಮಾರ್ಚ್‌ನಲ್ಲಿ. ಅಲ್ಲಿ ಚುನಾವಣೆ ಆದ ಅದೇ ಮೇ ತಿಂಗಳಲ್ಲಿ ಕೌನ್ಸಿಲ್ ಸೇರಿ ಎಲ್ಲ ಹುದ್ದೆ ತುಂಬಿಬಿಡುತ್ತದೆ. ಹೆಚ್ಚಿನ ಕಡೆ ಅಧಿಕಾರ ಇರೋದು ‘ಲೀಡರ್’ ಕೈಯಲ್ಲಿ, ಅಂದ್ರೆ ಸಾಮಾನ್ಯವಾಗಿ ಬಹುಮತ ಇರುವ ಪಕ್ಷದ ಮುಖಂಡ. ಅವರ ಜೊತೆ ಕೆಲವರ ಕ್ಯಾಬಿನೆಟ್. ಅಧಿಕಾರಿಗಳ ಮುಖ್ಯಸ್ಥರು ಚೀಫ್ ಎಕ್ಸಿಕ್ಯುಟಿವ್. ಅವರನ್ನು ಲಂಡನ್ ಕಳಿಸೋದಿಲ್ಲ. ಕೌನ್ಸಿಲೇ ಜಾಹೀರಾತು ಕೊಟ್ಟು, ಇಂಟರ್‌ವ್ಯೂ ಮಾಡಿ ತೆಗೆದುಕೊಳ್ಳುತ್ತದೆ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಇದೇ ಅಂತ ನನಗನಿಸುತ್ತದೆ.

ಕೊರಳಲ್ಲಿ ಚಿನ್ನದ ಸರ ಹಾಕಿಕೊಂಡ ಮೇಯರ್ ಹೆಚ್ಚಿನ ಕಡೆ ಒಂದು ವರ್ಷದ ಗೌರವ ಸ್ಥಾನ: ಸಭೆ ನಡೆಸೋದು, ಊರಿನ ಪರವಾಗಿ ಸಮಾರಂಭಕ್ಕೆ ಹೋಗೋದು. ಲೆಸ್ಟರ್‌ನಂಥ ಕೆಲವು ಕಡೆ ಮಾತ್ರ ಜನರೇ ನೇರವಾಗಿ ಆರಿಸಿದ, ನಿಜವಾದ ಅಧಿಕಾರ ಇರುವ ಮೇಯರ್ ಇದ್ದಾರೆ. ನಮ್ಮ ಕಮಲಾಪುರದ, ಅದೇ ಕೆಂಪು ಬಾಳೆಯ ಕಮಲಾಪುರದ, ಡಾ. ನೀರಜ್ ಪಾಟೀಲ್ 2010-11ರಲ್ಲಿ ಲಂಡನ್ನಿನ ಲ್ಯಾಂಬೆತ್ ಅನ್ನೋ ಭಾಗದ ಕೌನ್ಸಿಲಿಗೆ ಮೇಯರ್ ಆಗಿದ್ದರು. ಅದು ಮೊದಲನೇ ಥರದ ಹುದ್ದೆ. ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ ಇರೋದೂ ಅದೇ ಲ್ಯಾಂಬೆತ್‌ನಲ್ಲಿ, 2015ರ ನವೆಂಬರ್ 14ರಂದು ಅನಾವರಣ ಆಯಿತು. ಬಸವಕಲ್ಯಾಣದವರು ಬಂದರೆ ಅಲ್ಲಿ ಫೋಟೋ ತೆಗೆಸಿಕೊಳ್ಳದೆ ಹೋಗೋದಿಲ್ಲ. ಬಸವಣ್ಣನಿಗೂ ಅಲ್ಲಿ ನಿಲ್ಲಲು ಕೌನ್ಸಿಲಿನ ಪ್ಲಾನಿಂಗ್ ಪರವಾನಗಿ ಬೇಕಾಗಿತ್ತು.

ನೀವು ಕೌನ್ಸಿಲಿನ ಸಭೆಗೆ ಹೋಗಬಹುದು. ಸುಮ್ನೆ ಹೋಗಿ ಕೂರಬಹುದು, ಯಾರೂ ತಡೆಯೋದಿಲ್ಲ. 2014ರಿಂದ ವಿಡಿಯೋ ಕೂಡ ಮಾಡಬಹುದು. ಸಭೆಯ ಅಜೆಂಡಾ, ಅಧಿಕಾರಿಗಳ ವರದಿ ಸಮೇತ, ಕನಿಷ್ಠ ಐದು ಪೂರ್ತಿ ಕೆಲಸದ ದಿನ ಮೊದಲೇ ವೆಬ್‌ಸೈಟಿನಲ್ಲಿ ಬಂದಿರುತ್ತದೆ. ಗುಟ್ಟಿನ ವಿಷಯ ಬಂದಾಗ ಮಾತ್ರ ಹೊರಗೆ ಕಳಿಸುತ್ತಾರೆ. ಎಲ್ಲ ಕೌನ್ಸಿಲರ್‌ಗಳು ಸೇರುವ ದೊಡ್ಡ ಸಭೆ ಬಹುಮಟ್ಟಿಗೆ ನಾಟಕ. ಪಕ್ಷದವರು ಒಳಗೇ ಮಾತಾಡಿ ಮುಗಿಸಿ ಬಂದಿರುತ್ತಾರೆ. ಕೆಲಸ ನೋಡಬೇಕಂದ್ರೆ ಸಣ್ಣ ಕಮಿಟಿಗಳಿಗೆ ಹೋಗಿ, ಅದರಲ್ಲೂ ಪ್ಲಾನಿಂಗ್ ಕಮಿಟಿಗೆ.

ನಮ್ಮ ಬೀದಿಯ ಒಂದು ಮನೆಯನ್ನು ಏಳು ಜನರಿಗೆ ರೂಮು ರೂಮಾಗಿ ಬಾಡಿಗೆ ಕೊಡಲು ಅರ್ಜಿ ಬಂತು. ಲೈಟ್ ಕಂಬಕ್ಕೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ನೋಟಿಸ್ ಕಟ್ಟಿದ್ದರು. ಆಕ್ಷೇಪ ಹೇಳಲು 21 ದಿನ. ಪ್ಲಾನಿಂಗ್ ಕಮಿಟಿಯ ಮುಂದೆ ಮಾತಾಡಲು ನಾನು ಹೆಸರು ಕೊಟ್ಟೆ. ಮಾತಿಗೆ ಮೂರು ನಿಮಿಷ, ಎದುರಿಗೆ ಒಂದು ಗಡಿಯಾರ. ಮೊದಲ ನಿಮಿಷ ನಾನು ಯಾರು, ಎಷ್ಟು ವರ್ಷದಿಂದ ತೆರಿಗೆ ಕಟ್ಟುತ್ತಿದ್ದೇನೆ ಅನ್ನೋದರಲ್ಲೇ ಹೋಯಿತು. ಎರಡನೇ ನಿಮಿಷ ನಮ್ಮ ಮನೆಗಳ ಬೆಲೆ ಬೀಳುತ್ತದೆ ಅಂದೆ. ಅದನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳುವಂತಿಲ್ಲ, ಕಾನೂನು ಹಾಗಿದೆ. ಮೂರನೇ ನಿಮಿಷದಲ್ಲಿ ದನಿ ಏರಿಸಿದೆ. ಅಧ್ಯಕ್ಷರು ನಗುತ್ತಲೇ “ಥ್ಯಾಂಕ್ ಯೂ” ಅಂದರು. ನನ್ನ ನಂತರ ಪಕ್ಕದ ಮನೆಯ ಅಜ್ಜಿ ಎದ್ದರು. ಕೈಯಲ್ಲಿ ಒಂದು ಚೀಟಿ. ಆ ಮನೆಯ ಮುಂದಿನ ಜಾಗ ಎಷ್ಟು ಅಡಿ ಅಗಲ, ಏಳು ಜನಕ್ಕೆ ಎಷ್ಟು ಕಸದ ಬಿನ್ ಬೇಕು, ಅವನ್ನು ಇಟ್ಟರೆ ಗಾಲಿಕುರ್ಚಿ ಹೋಗಲು ಫುಟ್‌ಪಾತಿನಲ್ಲಿ ಎಷ್ಟು ಉಳಿಯುತ್ತದೆ. ಟೇಪು ಹಿಡಿದು ಅಳೆದು ಬಂದಿದ್ದರು! ಒಂದೂವರೆ ನಿಮಿಷದಲ್ಲಿ ಕೂತರು. ಕಮಿಟಿಯವರೆಲ್ಲ ನಕ್ಷೆ ತಿರುಗಿಸತೊಡಗಿದರು. ಬಿನ್ ಇಡುವ ಜಾಗ ತೋರಿಸಿ ಅಂತ ಅರ್ಜಿಯನ್ನು ಮುಂದೂಡಿದರು. ಮುಂದೆ ಹಿತ್ತಲಿನಲ್ಲಿ ಜಾಗ ಮಾಡಿಕೊಟ್ಟ ಮೇಲೆ ಒಪ್ಪಿಗೆಯೂ ಸಿಕ್ಕಿತು. ನಿಜ ಹೇಳಬೇಕಂದ್ರೆ, ಮೊದಲ ವರ್ಷ ನಾನೂ ಅಂಥದ್ದೇ ಮನೆಯ ಒಂದು ರೂಮಿನಲ್ಲಿ ಇದ್ದವನು. ಈಗ ನೆನೆದರೆ ಸ್ವಲ್ಪ ನಾಚಿಕೆ.

ಅಂಥ ಮನೆಗಳಿಗೆ ಹೋಗುವ ಹುಡುಗರು ಒಂದು ನೋಡಿಕೊಳ್ಳಿ. ಬೇರೆ ಬೇರೆ ಮನೆತನದ ಐದು ಅಥವಾ ಜಾಸ್ತಿ ಜನ ಒಂದೇ ಅಡುಗೆಮನೆ, ಬಚ್ಚಲು ಹಂಚಿಕೊಂಡಿದ್ದರೆ ಮಾಲೀಕ ಕೌನ್ಸಿಲಿನಿಂದ ಲೈಸೆನ್ಸ್ ಪಡೆದಿರಬೇಕು. ಪಡೆಯದಿದ್ದರೆ ಕೊಟ್ಟ ಬಾಡಿಗೆಯನ್ನು ಟ್ರಿಬ್ಯುನಲ್‌ನಲ್ಲಿ ವಾಪಸ್ ಕೇಳುವ ಹಕ್ಕು ನಿಮಗಿದೆ.

ಮಕ್ಕಳಿದ್ದವರು ಎರಡು ತಾರೀಖು ಬರೆದಿಟ್ಟುಕೊಳ್ಳಿ: ಹೈಸ್ಕೂಲ್ ಅರ್ಜಿಗೆ ಅಕ್ಟೋಬರ್ 31, ಪ್ರೈಮರಿಗೆ ಜನವರಿ 15. ತಡವಾದರೆ ಯಾರ ಶಿಫಾರಸೂ ನಡೆಯೋದಿಲ್ಲ.

ಕೆಲಸ ಆಗದಿದ್ದರೆ? ಮೊದಲು ವೆಬ್‌ಸೈಟಿನಲ್ಲಿ ದೂರು, ನಂಬರ್ ಇಟ್ಟುಕೊಳ್ಳಿ. ಆಮೇಲೆ ನಿಮ್ಮ ಕೌನ್ಸಿಲರ್‌ಗೆ ಇಮೇಲ್. ಹಲವರು ಲೈಬ್ರರಿಯಲ್ಲೋ ಚರ್ಚಿನಲ್ಲೋ ಜನರನ್ನು ಕಾಣಲು ಕೂರುತ್ತಾರೆ. ಅದಕ್ಕೆ ‘ಸರ್ಜರಿ’ ಅಂತಾರೆ, ಗಾಬರಿ ಬೇಡ. ಕೌನ್ಸಿಲರ್‌ಗೆ ಸಂಬಳ ಇಲ್ಲ, ಭತ್ಯೆ ಅಷ್ಟೇ. ಎಷ್ಟೋ ಜನ ಹಗಲು ಬೇರೆ ನೌಕರಿ ಮಾಡುತ್ತಾರೆ. ಏಳು ಗಂಟೆಗೆ ಫೋನ್ ಹಚ್ಚಬೇಡಿ. ನಮ್ಮ ಆರ್‌ಟಿಐ ಹಾಗೆ ಅಲ್ಲೂ ಮಾಹಿತಿ ಹಕ್ಕು ಇದೆ, ಎರಡೂ ಜಾರಿಗೆ ಬಂದಿದ್ದು 2005ರಲ್ಲೇ. ಇಲ್ಲಿ ಹತ್ತು ರೂಪಾಯಿ, 30 ದಿನ. ಅಲ್ಲಿ ಸಾಮಾನ್ಯವಾಗಿ ಪುಕ್ಕಟೆ, 20 ಕೆಲಸದ ದಿನ. ಕೌನ್ಸಿಲಿನ ಒಳಗಿನ ದೂರಿನ ಹಂತ ಎಲ್ಲ ಮುಗಿದ ಮೇಲೆ ಹೊರಗಿನಿಂದ ದೂರು ವಿಚಾರಿಸುವ ಒಂಬುಡ್ಸ್‌ಮನ್ ಇದ್ದಾರೆ, ತೊಂದರೆ ಗೊತ್ತಾದ 12 ತಿಂಗಳೊಳಗೆ ಹೋಗಬೇಕು. ಇಷ್ಟೆಲ್ಲ ಇದ್ದೂ ಖಜಾನೆ ಖಾಲಿಯಾದರೆ ಯಾರೇನು ಮಾಡಲಿ. 2023ರ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಂಥ ದೊಡ್ಡ ಕೌನ್ಸಿಲ್ಲೇ ಲೆಕ್ಕ ಸರಿದೂಗೋದಿಲ್ಲ ಅಂತ ‘ಸೆಕ್ಷನ್ 114’ ನೋಟಿಸ್ ಕೊಟ್ಟು, ಕಡ್ಡಾಯವಲ್ಲದ ಹೊಸ ಖರ್ಚು ನಿಲ್ಲಿಸಿತು.

“ಹಂಗಾರ ಮಾಮಾ, ನಾನೂ ಎಲೆಕ್ಷನ್‌ಗಿ ನಿಲ್ಲಬಹುದಾ?” ಅಂದ ಅಳಿಯ. ಮತ ಹಾಕಬಹುದು, ವಿದ್ಯಾರ್ಥಿ ವೀಸಾದಲ್ಲಿ ನಿಲ್ಲೋಕಾಗಲ್ಲ. ಅದಕ್ಕೆ ಅಲ್ಲಿ ಕಾಯಂ ಇರುವ ಪರವಾನಗಿ ಬೇಕು ಅಂದೆ. ಇನ್ನೇನೋ ಕೇಳೋನಿದ್ದ, ಅಷ್ಟರಲ್ಲಿ ನಳ ಬುಸ್ ಅಂತ ಗಾಳಿ ಬಿಟ್ಟಿತು. ಒಳಗಿನಿಂದ ಅಕ್ಕ ಕೂಗಿದಳು: “ಏ, ಇಂಗ್ಲೆಂಡ್ ಆಮ್ಯಾಲ. ಮೊದಲ ಕೊಡ ಹಿಡಿ!”