ಪಿಕಪ್ ಟ್ರಕ್ಕಿನ ಆಕ್ಸಲ್ ರೇಷಿಯೋ ಎಷ್ಟು? ನೀವೇ ಎಣಿಸಿ ನೋಡಿ

3.73, 4.10 ಅಂತ ಹೇಳುತ್ತಾರಲ್ಲ, ಅದು ಸುಲಭದ ಲೆಕ್ಕ. ಹಿಂದಿನ ಚಕ್ರ ಒಂದು ಸುತ್ತು ಬರಲು ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್ ಕಡೆಯಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದನೆಯ ದಂಡ) ಎಷ್ಟು ಸುತ್ತು ತಿರುಗಬೇಕು ಅನ್ನೋದಷ್ಟೇ. ಶಾಫ್ಟಿನ ತುದಿಯ ಸಣ್ಣ ಗೇರ್ ಪಿನಿಯನ್, ಅದು ತಿರುಗಿಸುವ ಆಕ್ಸಲ್ ಒಳಗಿನ ದೊಡ್ಡ ಗೇರ್ ಕ್ರೌನ್. ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 11 ಇದ್ದರೆ ಭಾಗಿಸಿ: 3.73. ಸಂಖ್ಯೆ ದೊಡ್ಡದಾದಷ್ಟೂ ಗಾಡಿ ಭಾರ ಚೆನ್ನಾಗಿ ಎಳೆಯುತ್ತದೆ, ಆದರೆ ಅದೇ ಸ್ಪೀಡಿಗೆ ಎಂಜಿನ್ ಜಾಸ್ತಿ ತಿರುಗಬೇಕು.

ಮೊದಲು ಸ್ಟಿಕ್ಕರ್ ನೋಡಿ. ಫೋರ್ಡ್ ಗಾಡಿಗಳಲ್ಲಿ ಡ್ರೈವರ್ ಬಾಗಿಲು ತೆರೆದರೆ ಕಾಣುವ ಲೇಬಲ್‌ನಲ್ಲಿ ಆಕ್ಸಲ್ ಕೋಡ್ ಇರುತ್ತದೆ. ಶೆವರ್ಲೆ, ಜಿಎಂಸಿ ಆದರೆ ಹಲವು ವರ್ಷಗಳ ಗಾಡಿಗಳಲ್ಲಿ ಗ್ಲೋವ್ ಬಾಕ್ಸ್ ಒಳಗೆ ಹುಡುಕಿ: ಜಿಯು6 ಅಂದರೆ 3.42, ಜಿಟಿ4 ಅಂದರೆ 3.73, ಜಿಟಿ5 ಅಂದರೆ 4.10. ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಶಕ್ತಿ ಹಂಚುವ, ಆಕ್ಸಲ್ ನಡುವಿನ ಗೇರ್ ಜೋಡಣೆ) ಕವರಿನ ಬೋಲ್ಟಿಗೆ ಸಿಕ್ಕಿಸಿದ ಪುಟ್ಟ ತಗಡೂ ಇರಬಹುದು. ಫೋರ್ಡ್ ತಗಡಿನಲ್ಲಿ 3ಎಲ್73 ಅಂತಿದ್ದರೆ ರೇಷಿಯೋ 3.73, ನಡುವಿನ ‘ಎಲ್’ ಲಿಮಿಟೆಡ್ ಸ್ಲಿಪ್‌ನ, ಅಂದರೆ ಒಂದೇ ಚಕ್ರ ಸುಮ್ಮನೆ ಜಾರಿ ತಿರುಗದಂತೆ ತಡೆಯುವ ಡಿಫರೆನ್ಷಿಯಲ್‌ನ ಗುರುತು.

ಆದರೆ ಸ್ಟಿಕ್ಕರ್ ಹೇಳುವುದು ಫ್ಯಾಕ್ಟರಿಯಿಂದ ಹೊರಟ ದಿನದ ಕತೆ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಹಳೆ ಮಾಲೀಕರು ಕ್ರೌನ್ ಪಿನಿಯನ್ ಬದಲಿಸಿರಬಹುದು ಅಲ್ವಾ? ಅದಕ್ಕೇ ನಾನು ಎಣಿಸಿದ್ದನ್ನೇ ನಂಬುವುದು.

ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಭದ್ರವಾಗಿ ಅಡೆ ಕೊಡಿ. ಚಕ್ರ ತಿರುಗಬೇಕಾದ್ದರಿಂದ ಹ್ಯಾಂಡ್ ಬ್ರೇಕ್ ಬಿಟ್ಟು ಗೇರನ್ನು ನ್ಯೂಟ್ರಲ್‌ಗೆ ಹಾಕಬೇಕು, ಅಂದರೆ ಆಗ ಗಾಡಿ ಉರುಳದಂತೆ ಹಿಡಿದಿರುವುದು ಆ ಅಡೆ ಮಾತ್ರ, ಇದರಲ್ಲಿ ಮಾತ್ರ ಸೋಮಾರಿತನ ಬೇಡ. ಹಿಂದಿನ ಎರಡೂ ಚಕ್ರ ಎತ್ತಿ ಆಕ್ಸಲ್ ಕೆಳಗೆ ಜಾಕ್ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ.

ಈಗ ಒಂದು ಚಕ್ರ ಕೈಯಲ್ಲಿ ತಿರುಗಿಸಿ. ಇನ್ನೊಂದೂ ಅದೇ ದಿಕ್ಕಿಗೆ ತಿರುಗಿತೇ? ಹಾಗಾದರೆ ಅದು ಲಿಮಿಟೆಡ್ ಸ್ಲಿಪ್ ಅಥವಾ ಲಾಕರ್ (ಎರಡೂ ಚಕ್ರವನ್ನು ಒಟ್ಟಿಗೆ ಬಿಗಿಯುವಂಥದ್ದು). ಟೈರಿಗೂ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ, ಚಕ್ರ ಒಂದು ಸುತ್ತು ಬರುವಾಗ ಶಾಫ್ಟ್ ಎಷ್ಟು ಸುತ್ತಿತು ಅಂತ ಎಣಿಸಿ. ಉಲ್ಟಾ ತಿರುಗಿದರೆ ಓಪನ್ ಡಿಫರೆನ್ಷಿಯಲ್, ಅಂದರೆ ಅಂಥ ಬಿಗಿತ ಇಲ್ಲದ ಮಾಮೂಲಿ ಬಗೆ. ಆಗ ಒಂದು ಚಕ್ರವನ್ನು ನೆಲಕ್ಕೆ ಇಳಿಸಿ, ಎತ್ತಿದ ಚಕ್ರವನ್ನು ಎರಡು ಸುತ್ತು ತಿರುಗಿಸಬೇಕು. ಯಾಕೆಂದರೆ ಒಂದು ಬದಿ ನಿಂತಿದ್ದಾಗ ಇನ್ನೊಂದು ಬದಿ ಕ್ರೌನ್‌ಗಿಂತ ಎರಡು ಪಟ್ಟು ತಿರುಗುತ್ತದೆ.

3.55 ಮತ್ತು 3.73ರ ವ್ಯತ್ಯಾಸ ಒಂದೇ ಸಲಕ್ಕೆ ಕಣ್ಣಿಗೆ ಸಿಗುವುದಿಲ್ಲ. ಓಪನ್ ಆದರೆ ಚಕ್ರ ಇಪ್ಪತ್ತು ಸುತ್ತು, ಎರಡೂ ಚಕ್ರ ಒಟ್ಟಿಗೆ ತಿರುಗುವುದಾದರೆ ಹತ್ತು ಸುತ್ತು ತಿರುಗಿಸಿ, ಬಂದದ್ದನ್ನು ಹತ್ತರಿಂದ ಭಾಗಿಸಿ. ಮೂವತ್ತೈದೂವರೆಗೂ ಮೂವತ್ತೇಳಕ್ಕೂ ಗೊಂದಲ ಆಗುವುದಿಲ್ಲ. ಒಬ್ಬರು ಚಕ್ರ ತಿರುಗಿಸಿ, ಇನ್ನೊಬ್ಬರು ಶಾಫ್ಟ್ ಎಣಿಸಿದರೆ ಸಲೀಸು.

ಫೋರ್ ವೀಲ್ ಡ್ರೈವ್ ಆದರೆ ಮೊದಲು ಟೂ ವೀಲ್‌ಗೆ ಹಾಕಿಕೊಳ್ಳಿ. ಯಾರೋ ಗೇರ್ ಬದಲಿಸಿದ್ದಾರೆ ಅನ್ನಿಸಿದರೆ ಮುಂದಿನ ಆಕ್ಸಲ್ ಕೂಡ ನೋಡಿ, ಎರಡೂ ಹೊಂದದಿದ್ದರೆ ಫೋರ್ ವೀಲ್‌ನಲ್ಲಿ ಓಡಿಸಿದಾಗ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹಾಳಾಗುತ್ತದೆ. ಹೇಗೂ ಡಿಫರೆನ್ಷಿಯಲ್ ಆಯಿಲ್ ಬದಲಿಸಲು ಕವರ್ ಬಿಚ್ಚುವುದಿದ್ದರೆ ಇನ್ನೂ ಒಳ್ಳೆಯದು, ಹಲ್ಲುಗಳ ಸಂಖ್ಯೆಯನ್ನು ಎಷ್ಟೋ ಕ್ರೌನ್‌ಗಳ ಮೇಲೆಯೇ ಕೊರೆದಿರುತ್ತಾರೆ.