ನಾನು ಬಿಟ್ಟ ಎರಡು ಪುಟ

ಎರಡು ವರ್ಷದಿಂದ ನನ್ನ ಬಿಡುವಿನ ಹೊತ್ತೆಲ್ಲ ಎರಡೇ ಕೆಲಸಕ್ಕೆ ಹೋಗುತ್ತಿದೆ. ಒಂದು, ಸುಮ್ನೆ ಖುಷಿಗೆ ಕಾದಂಬರಿ ಓದುವುದು. ಇನ್ನೊಂದು, ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಜೋರಾಗಿ ಓದಿ ರೆಕಾರ್ಡ್ ಮಾಡುವುದು. ಮೊದಲನೆಯದು ನನ್ನ ಹವ್ಯಾಸ, ಎರಡನೆಯದು ಸಮಾಜಕ್ಕೆ ಮಾಡುವ ಕೆಲಸ ಎಂದು ಬೇರೆ ಬೇರೆ ಇಟ್ಟುಕೊಂಡಿದ್ದೆ. ಅದು ತಪ್ಪು ಎಂದು ಗೊತ್ತಾಗಿದ್ದು ಒಬ್ಬ ಅಕ್ಕನಿಂದ.

ಅವರಿಗೆ ಹುಟ್ಟಿನಿಂದಲೇ ದೃಷ್ಟಿ ಇಲ್ಲ. "ಯಾವ ಪುಸ್ತಕ ಓದಲಿ ಅಕ್ಕ?" ಎಂದು ಮೊದಲ ಸಲ ಕೇಳುವಾಗ ನನ್ನ ಹತ್ತಿರ ಒಂದು ಪಟ್ಟಿ ಸಿದ್ಧವಿತ್ತು. ದೊಡ್ಡವರ ಜೀವನಚರಿತ್ರೆ, ಸಾಮಾನ್ಯ ಜ್ಞಾನ, ಪರೀಕ್ಷೆಗೆ ಬರುವ ಇತಿಹಾಸ. ಅವರು ಪೂರ್ತಿ ಕೇಳಿಸಿಕೊಂಡರು. "ಇಂಥವು ಹೇಗೋ ಸಿಗುತ್ತೆ ಕಣಮ್ಮ. ಒಂದು ಒಳ್ಳೇ ಪತ್ತೇದಾರಿ ಇದ್ರೆ ಓದು. ಪ್ರೀತಿ ಪ್ರೇಮದ್ದಾದ್ರೂ ಆಗುತ್ತೆ" ಎಂದರು.

ಬ್ರೈಲ್ ಅವರಿಗೆ ಚೆನ್ನಾಗಿ ಬರುತ್ತದೆ. ಲೂಯಿ ಬ್ರೈಲ್ 1824ರಲ್ಲಿ, ಹದಿನೈದನೇ ವಯಸ್ಸಿನಲ್ಲಿ ರೂಪಿಸಿದ ಆರು ಚುಕ್ಕಿಗಳ ಲಿಪಿ ಅದು. ಆದರೆ ಒಂದು ಸಾಧಾರಣ ಕಾದಂಬರಿ ಬ್ರೈಲಿಗೆ ಹೋದರೆ ಹಲವು ದಪ್ಪ ಸಂಪುಟ ಆಗುತ್ತದೆ. ಅಷ್ಟು ಖರ್ಚು, ಅಷ್ಟು ಶ್ರಮ ಎಂದಾಗ ಎಲ್ಲರೂ "ಉಪಯೋಗಕ್ಕೆ ಬರುವ" ಪುಸ್ತಕವನ್ನೇ ಆರಿಸುತ್ತಾರೆ. ಮಳೆ ಬರುವ ಮಧ್ಯಾಹ್ನ ಕಾಲು ಚಾಚಿ ಓದುವಂಥ ಪುಸ್ತಕ ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಸರಿ, ಪತ್ತೇದಾರಿಯಿಂದಲೇ ಶುರು ಮಾಡಿದೆ. ಸ್ಟುಡಿಯೊ ಎಲ್ಲ ಬೇಕಿಲ್ಲ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದಕ್ಕೆ ಮುಖ ಮಾಡಿ ಕೂರುತ್ತೇನೆ. ಬಟ್ಟೆ ದನಿಯನ್ನು ಹೀರಿಕೊಳ್ಳುತ್ತದೆ, ಕೋಣೆಯ ಗುಂಯ್ ಎನ್ನುವ ಪ್ರತಿಧ್ವನಿ ಇರುವುದಿಲ್ಲ. ಫ್ಯಾನ್ ಬಂದ್. ಫೋನನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ನೇರ ಎದುರಿಗಲ್ಲದೆ ತುಸು ಪಕ್ಕಕ್ಕೆ ಇಡುತ್ತೇನೆ. ಎದುರಿಗಿಟ್ಟರೆ ಪ, ಬ, ಭ ಬಂದಾಗೆಲ್ಲ ಉಸಿರು ಮೈಕಿಗೆ ಬಡಿಯುತ್ತದೆ. ತಪ್ಪು ಓದಿದರೆ ರೆಕಾರ್ಡಿಂಗ್ ನಿಲ್ಲಿಸುವುದಿಲ್ಲ. ಒಂದು ಚಪ್ಪಾಳೆ ತಟ್ಟಿ ಆ ವಾಕ್ಯವನ್ನು ಮೊದಲಿಂದ ಓದುತ್ತೇನೆ. ಆಮೇಲೆ ಆಡಾಸಿಟಿ ಎಂಬ ಆಡಿಯೊ ತಿದ್ದುವ ತಂತ್ರಾಂಶದಲ್ಲಿ ತೆರೆದಾಗ ಆ ಚಪ್ಪಾಳೆ ಉದ್ದ ಗೆರೆಯಾಗಿ ಎದ್ದು ಕಾಣುತ್ತದೆ, ಕತ್ತರಿಸುವುದು ಸುಲಭ. ಹೀಗೆ ಒಂದು ಗಂಟೆಯ ಆಡಿಯೊಗೆ ನನಗೆ ಹತ್ತಿರ ಹತ್ತಿರ ಮೂರು ಗಂಟೆ ಬೇಕು.

ಮೊದಮೊದಲು ಪಾತ್ರಕ್ಕೊಂದು ದನಿ ಮಾಡುತ್ತಿದ್ದೆ. ಅಕ್ಕ ಬೇಡವೆಂದರು. ಅವರು ಕೇಳುವುದು ಒಂದೂವರೆ ಪಟ್ಟು, ಕೆಲವೊಮ್ಮೆ ಎರಡು ಪಟ್ಟು ವೇಗದಲ್ಲಿ. ಆ ವೇಗದಲ್ಲಿ ನಟನೆ ಎಲ್ಲ ಕಲಸಿಹೋಗುತ್ತದೆ. "ಕೊಲೆಗಾರನ ದನಿ ನಾನೇ ಊಹಿಸ್ಕೋತೀನಿ, ನೀನು ಬಿಡಿಸಿ ಓದು ಸಾಕು" ಎಂದರು. ಓದುವ ಸುಖ ಅಂದರೆ ಅದೇ ಅಲ್ವಾ?

ಈಗ ಪುಸ್ತಕವನ್ನು ಪಠ್ಯವಾಗಿಯೂ ಮಾಡಿಕೊಡುತ್ತೇನೆ. ಇಲ್ಲಿ ತಾಳ್ಮೆ ಜಾಸ್ತಿ ಬೇಕು. ಸ್ಕ್ಯಾನ್ ಮಾಡಿದ ಪಿಡಿಎಫ್ ನಮಗೆ ಪುಟ, ಪರದೆಯ ಮೇಲಿನ ಅಕ್ಷರವನ್ನು ಜೋರಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ಬರೀ ಚಿತ್ರ. ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ನಮ್ಮ ಕಣ್ಣಿಗೆ ಅಚ್ಚ ಕನ್ನಡ, ಸ್ಕ್ರೀನ್ ರೀಡರ್ ಓದಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ಅದನ್ನು ಯೂನಿಕೋಡಿಗೆ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿಗೆ ಬದಲಿಸಲೇಬೇಕು. ಯೂನಿಕೋಡಿನಲ್ಲೂ ಒಂದು ಕಾಟವಿದೆ. ಅನುಸ್ವಾರದ ಜಾಗದಲ್ಲಿ ಕನ್ನಡ ಸೊನ್ನೆ ಕೂತಿದ್ದರೆ ನಮಗೆ ಗೊತ್ತೇ ಆಗುವುದಿಲ್ಲ. 'ಅಂಗಳ' ಎನ್ನುವ ಪದ ಅವರ ಕಿವಿಗೆ 'ಅ, ಸೊನ್ನೆ, ಗಳ' ಎಂದು ಒಡೆದು ಬೀಳುತ್ತದೆ. ಹಾಗಾಗಿ ಕಡತ ಕೊಡುವ ಮೊದಲು ನಾನೇ ಎನ್‌ವಿಡಿಎ ಹಾಕಿ, ಕಣ್ಣು ಮುಚ್ಚಿ ಕೇಳುತ್ತೇನೆ. ಅದು ಉಚಿತವಾಗಿ ಸಿಗುವ ಸ್ಕ್ರೀನ್ ರೀಡರ್.

ನಾನು ಮಾಡುತ್ತಿರುವುದು ಕದ್ದು ನಕಲು ಮಾಡಿದ ಹಾಗಾ ಎಂಬ ಹೆದರಿಕೆಯೂ ಇತ್ತು. ಹುಡುಕಿದಾಗ ಮರಾಕೇಶ್ ಒಪ್ಪಂದ ಸಿಕ್ಕಿತು. 2013ರಲ್ಲಿ ಆದದ್ದು, 2016ರಲ್ಲಿ ಜಾರಿಗೆ ಬಂತು. ಅದನ್ನು ಎಲ್ಲಕ್ಕಿಂತ ಮೊದಲು ಅನುಮೋದಿಸಿದ ದೇಶ ಭಾರತ. ಮುದ್ರಿತ ಪುಸ್ತಕ ಓದಲಾಗದವರಿಗಾಗಿ ಪ್ರತಿ ಮಾಡಲು, ದೇಶದಿಂದ ದೇಶಕ್ಕೆ ಕಳಿಸಲು ಅದು ದಾರಿ ಮಾಡಿಕೊಟ್ಟಿದೆ. ಆದರೆ ಅವರಿಗಾಗಿ ಮಾತ್ರ. ಹಾಗಾಗಿ ನನ್ನ ಕಡತಗಳನ್ನು ಅವರ ಗ್ರಂಥಾಲಯಕ್ಕೆ ಬಿಟ್ಟು ಬೇರೆಲ್ಲೂ ಹಂಚುವುದಿಲ್ಲ.

ಮೂರನೇ ಪುಸ್ತಕದ ಹೊತ್ತಿಗೆ ಒಂದು ಪ್ರೇಮಕಥೆ ಬಂತು. ನಡುವೆ ಒಂದು ರಾತ್ರಿಯ ವರ್ಣನೆ. ಜೋರಾಗಿ ಓದಲು ನಾಚಿಕೆಯಾಯಿತು, ಆ ಹಾಳೆ ಬಿಟ್ಟು ಮುಂದೆ ಹೋದೆ. ಪ್ರತಿ ಪುಟದ ಶುರುವಿಗೆ ಪುಟಸಂಖ್ಯೆ ಹೇಳುವುದು ನಮ್ಮ ಪದ್ಧತಿ. ಮಾರನೇ ದಿನ ಅಕ್ಕನ ಫೋನ್ ಬಂತು. "112 ಆದ್ಮೇಲೆ 115 ಅಂದ್ಯಲ್ಲ. ಏನು ಬಿಟ್ಟೆ?"

ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನಗೆ ಯಾವುದು ಬೇಕು ಯಾವುದು ಬೇಡ ಅಂತ ಚಿಕ್ಕಂದಿನಿಂದ ಬೇರೆಯವರೇ ತೀರ್ಮಾನ ಮಾಡಿದಾರೆ. ನೀನೂ ಮಾಡ್ಬೇಡ" ಎಂದರು. ದನಿಯಲ್ಲಿ ಕೋಪ ಇರಲಿಲ್ಲ. ಅದಕ್ಕೇ ಜಾಸ್ತಿ ನೋವಾಯಿತು.

ಅವತ್ತು ರಾತ್ರಿ ಬೀರು ತೆರೆದು ಕೂತೆ. ಪುಟ 113. ಉಳಿದ ಪುಟಗಳನ್ನು ಓದಿದ ದನಿಯಲ್ಲೇ, ಅಷ್ಟೇ ನಿಧಾನವಾಗಿ ಎರಡೂ ಪುಟ ಓದಿ ಕಳಿಸಿದೆ. ಬೆಳಿಗ್ಗೆ ಅವರಿಂದ ಒಂದೇ ಸಾಲಿನ ಸಂದೇಶ ಬಂದಿತ್ತು: "ಮುಂದಿನದು ಯಾವುದು?"